ಕೌಂಟರಿನ ಒಳಗೆ ಕೂತವರಿಗೂ ಕನ್ನಡ ಬೇಕು

ಪಂಚಾಯತ್ ಆಫೀಸಿನ ಕೆಲಸ ಅಂದರೆ ಊರವರ ಲೆಕ್ಕ ಬಹಳ ಸುಲಭ. ಹತ್ತಕ್ಕೆ ಹೋಗುವುದು, ಐದಕ್ಕೆ ಬರುವುದು, ಓಣಂಗೆ ಬೋನಸ್, ಕೊನೆಗೆ ಪೆನ್ಶನ್. ನಾನು ಕಾಸರಗೋಡಿನ ಉತ್ತರದ ಕಡೆಯ ಪಂಚಾಯತುಗಳಲ್ಲಿ ಅದೇ ಕುರ್ಚಿಯಲ್ಲಿ ಕೂತು, ಐವತ್ತಾರಕ್ಕೆ ನಿವೃತ್ತನಾಗಿ ಮನೆಗೆ ಬಂದವ. ಸರ್ವಿಸಿನಲ್ಲಿ ಇರುವಾಗ ಸರಕಾರಿ ನೌಕರರ ನಡತೆಯ 1960ರ ಕಂಡಕ್ಟ್ ರೂಲ್ಸ್ ತಲೆಯ ಮೇಲೆ ಇತ್ತು. ಸರಕಾರದ ಬಗ್ಗೆ ಹೀಗೆ ಬರೆದು ಹಾಕುವ ಹಾಗಿರಲಿಲ್ಲ. ಈಗ ಬರೆಯಬಹುದು, ಅಲ್ವಾ. ಹಾಗಾಗಿ ಸ್ವಲ್ಪ ಉದ್ದವೇ ಆದೀತು, ಸಹಿಸಿಕೊಳ್ಳಿ.

ನಮ್ಮ ಕಡೆ ಯಾವ ಮದುವೆಯ ಪಂಕ್ತಿಯಲ್ಲಿ ಕೂತರೂ ತಲಪಾಡಿ ಗಡಿಯ ಆಚೆಯ, ಕರ್ನಾಟಕ ಸರಕಾರದ ಕೆಲಸದ ನೆಂಟರು ಪಕ್ಕದಲ್ಲಿ ಇರುತ್ತಾರೆ. ಸಾರು ಬಡಿಸುವಾಗ ಶುರುವಾದ ಸಂಬಳದ ಮಾತು ಪಾಯಸದ ತನಕ ನಡೆಯುತ್ತದೆ. "ನಿಮಗೆ ಬೇಸಿಕ್ ಎಷ್ಟು?" ಅವರಿಗೆ ಏಳನೇ ವೇತನ ಆಯೋಗದ ಸಂಬಳ 2024ರ ಆಗಸ್ಟಿನಿಂದ ಕೈಗೆ ಬಂತು, ಕನಿಷ್ಠ ಮೂಲವೇತನ 27,000. ನಮ್ಮಲ್ಲಿ 2021ರಲ್ಲಿ ಆರ್ಡರ್ ಆಗಿ 2019ರ ಜುಲೈಯಿಂದ ಲೆಕ್ಕ ಹಿಡಿದ ಪರಿಷ್ಕರಣೆಯಲ್ಲಿ ಕನಿಷ್ಠ 23,000. ಐದು ವರ್ಷಕ್ಕೊಮ್ಮೆ ಎಂಬ ವಾಡಿಕೆಯಂತೆ ಮುಂದಿನದು 2024ರ ಜುಲೈಗೆ ಬರಬೇಕಿತ್ತು. ಹೊಸ ಪೆನ್ಶನ್ ಸ್ಕೀಮಿನಲ್ಲಿ ಇರುವವರಿಗೆ ಆಚೆ ಸರಕಾರ ಹಾಕುವುದು ಶೇ. 14, ಇಲ್ಲಿ ಶೇ. 10. ಅವರು ನಿವೃತ್ತರಾಗುವುದು ಅರವತ್ತಕ್ಕೆ. ನಮ್ಮಲ್ಲಿ 2013ರ ಏಪ್ರಿಲ್ 1ರಿಂದ ಸೇರಿದವರಿಗೆ ಮಾತ್ರ ಅರವತ್ತು, ಹಳಬರಿಗೆ ಐವತ್ತಾರು. ಇಷ್ಟು ಕೇಳಿದ ಮೇಲೆ ಆಚೆಯವರು ಒಂದು ಸೌಟು ಪಾಯಸ ಜಾಸ್ತಿ ಹಾಕಿಸಿಕೊಳ್ಳುತ್ತಾರೆ.

ಆದರೆ ಅದೇ ಆಚೆ ಕಡೆ ಗ್ರಾಮ ಪಂಚಾಯತಿನ ಬಿಲ್ ಕಲೆಕ್ಟರ್, ನೀರುಗಂಟಿ ಸರಕಾರಿ ನೌಕರರೇ ಅಲ್ಲ. ಇಲ್ಲಿ ಪಂಚಾಯತ್ ಕ್ಲರ್ಕ್ ಪಿಎಸ್‌ಸಿ (ಲೋಕಸೇವಾ ಆಯೋಗ) ಪರೀಕ್ಷೆ ಬರೆದು ಬಂದವ, ಸರಕಾರಿ ನೌಕರ. ಕೇರಳದ 941 ಗ್ರಾಮ ಪಂಚಾಯತುಗಳಲ್ಲಿ ಇದು ಹೀಗೆಯೇ. ಇದು ಸಣ್ಣ ಮಾತಲ್ಲ. ಹಾಗಾಗಿ ನಮಗೆ ಸವಲತ್ತೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಸವಲತ್ತು ಇದೆ. ಅದು ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕನ್ನಡ ನೌಕರನ ಕಿವಿಗೆ ಬೀಳುವ ಹೊತ್ತಿಗೆ ಅರ್ಧ ಮುಗಿದಿರುತ್ತದೆ. ನನ್ನ ತಕರಾರು ಇದು.

ಕಾಸರಗೋಡಿನಲ್ಲಿ ಕನ್ನಡದ ಹೋರಾಟ ಹೊಸತಲ್ಲ. 1969ರ ಆಡಳಿತ ಭಾಷಾ ಕಾನೂನು ನಮಗೆ ಕನ್ನಡದಲ್ಲಿ ಅರ್ಜಿ ಕೊಡುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. 2015ರಲ್ಲಿ ಮಲಯಾಳ ಭಾಷಾ ಮಸೂದೆ ಬಂದಾಗ, 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಎಂದಾಗ ನಾವು ಬೀದಿಗೆ ಇಳಿದಿದ್ದೇವೆ. ಬೋರ್ಡಿಗೆ ಕನ್ನಡ ಬೇಕು, ಫಾರ್ಮಿಗೆ ಕನ್ನಡ ಬೇಕು, ಶಾಲೆಗೆ ಕನ್ನಡ ಬಲ್ಲ ಮಾಸ್ತರು ಬೇಕು. ಎಲ್ಲವೂ ಸರಿ. ಇದೆಲ್ಲ ಕೌಂಟರಿನ ಹೊರಗೆ ನಿಂತವರ ಕನ್ನಡ. ಒಳಗೆ ಕೂತಿರುವ ಕನ್ನಡಿಗನ ಬಗ್ಗೆ ಯಾರೂ ಒಂದು ಮಾತು ಆಡಿದ್ದು ನನಗೆ ನೆನಪಿಲ್ಲ.

ಅವನ ಕೆಲಸ ಹೇಗಿರುತ್ತದೆ ನೋಡಿ. ಪೈವಳಿಕೆಯ ಒಳಗಿನ ಒಂದು ಮನೆಯಿಂದ ಅಜ್ಜಿ ಬರುತ್ತಾರೆ. ಮೊಮ್ಮಗಳು ಪಟ್ಟಿ ಪುಸ್ತಕದ ಹಾಳೆಯಲ್ಲಿ ಬರೆದುಕೊಟ್ಟ ಕನ್ನಡ ಅರ್ಜಿ, ಮನೆ ನಂಬ್ರ ಬದಲಾವಣೆಗೆ. ಕ್ಲರ್ಕ್ ಅದನ್ನು ಓದುತ್ತಾನೆ. ಕಂಪ್ಯೂಟರಿಗೆ ಹಾಕುವಾಗ ಅದು ಮಲಯಾಳವೋ ಇಂಗ್ಲಿಷೋ ಆಗಬೇಕು. ಸೆಕ್ರೆಟರಿ ತೆಂಕಣ ಜಿಲ್ಲೆಯವರು, ಕನ್ನಡ ಬಾರದು, ಹಾಗಾಗಿ ಫೈಲಿನ ನೋಟ್ ಮಲಯಾಳದಲ್ಲಿ. ಅಜ್ಜಿಗೆ ಉತ್ತರ ಕನ್ನಡದಲ್ಲಿ. ಅಷ್ಟರಲ್ಲಿ ಆಧಾರ್‌ನಲ್ಲಿ ಐತಮ್ಮ, ರೇಷನ್ ಕಾರ್ಡಿನಲ್ಲಿ ಅಯ್ತಮ್ಮ, ಆಧಾರದಲ್ಲಿ (ಜಾಗದ ಹಳೆಯ ದಸ್ತಾವೇಜು, ಆಧಾರ್ ಕಾರ್ಡ್ ಅಲ್ಲ!) ಇನ್ನೊಂದು ಬಗೆ. ಮೂರೂ ಒಬ್ಬರೇ ಎಂದು ಬರೆದುಕೊಡುವುದೂ ಅವನೇ. ಪಕ್ಕದ ಸೆಕ್ಷನಿನವರೂ ಕನ್ನಡ ಅರ್ಜಿ ಬಂದರೆ "ಇದೊಂದು ಓದಿ ಹೇಳು ಮಾರಾಯ" ಎಂದು ಅವನ ಮೇಜಿಗೇ ತರುತ್ತಾರೆ.

ಈ ಕೆಲಸಕ್ಕೆಂದೇ ಪಿಎಸ್‌ಸಿ ಕಾಸರಗೋಡು ಜಿಲ್ಲೆಗೆ ಕನ್ನಡ ಮತ್ತು ಮಲಯಾಳ ಬಲ್ಲ ಎಲ್‌ಡಿ (ಕೆಳದರ್ಜೆ) ಕ್ಲರ್ಕ್ ಎಂಬ ಬೇರೆ ಹುದ್ದೆಗೆ ಪರೀಕ್ಷೆ ಮಾಡುತ್ತದೆ. ಒಳ್ಳೆಯದೇ. ಆದರೆ ಎರಡು ಭಾಷೆಯ ದುಡಿಮೆಗೆ ಸಂಬಳದ ಸ್ಲಿಪ್ಪಿನಲ್ಲಿ ಒಂದು ಸಾಲು ಇರುವುದನ್ನು ನಾನಂತೂ ಕಂಡಿಲ್ಲ. ಕನ್ನಡ ಮೀಡಿಯಂನಲ್ಲಿ ಕಲಿತವನಿಗೆ ಮಲಯಾಳದ ಪರೀಕ್ಷೆ ಬೇರೆ ಇದೆ. ಅದರ ಬಗ್ಗೆ ನನಗೆ ಸಿಟ್ಟಿಲ್ಲ, ರಾಜ್ಯದ ಭಾಷೆ ಕಲಿಯಲೇಬೇಕು. ತೆಂಕಣದಿಂದ ಇಲ್ಲಿಗೆ ಬರುವವರಿಗೆ ನಾಲ್ಕು ಸಾಲು ಕನ್ನಡ ಓದಲು ಕಲಿಸುವ ಏರ್ಪಾಡು ಯಾಕೆ ಇಲ್ಲ ಎಂಬುದು ಮಾತ್ರ ನನ್ನ ಪ್ರಶ್ನೆ. ಅವರು ಬರುವ ದಿನದಿಂದಲೇ ಟ್ರಾನ್ಸ್‌ಫರ್ ಲಿಸ್ಟ್ ನೋಡುತ್ತಾ ಇರುತ್ತಾರೆ. ಶುಕ್ರವಾರ ಸಂಜೆ ಮಾವೇಲಿ ಎಕ್ಸ್‌ಪ್ರೆಸ್ಸಿಗೆ ಓಡುವವರನ್ನು ನಾನು ದೂರುವುದಿಲ್ಲ. ಅವರಿಗೂ ಮನೆ ಮಕ್ಕಳು ಇದ್ದಾರೆ.

ಈಗ ಸವಲತ್ತಿನ ಮಾತಿಗೆ ಬರುತ್ತೇನೆ.

ಹೊಸ ಹುಡುಗರಲ್ಲಿ ಸ್ಪಾರ್ಕ್‌ನ (ಸರಕಾರದ ಸಂಬಳದ ವೆಬ್‌ಸೈಟ್) ಸ್ಯಾಲರಿ ಸ್ಲಿಪ್ ತೆಗೆದು ಓದುವವರು ಕಡಿಮೆ. ಬ್ಯಾಂಕಿನ ಮೆಸೇಜ್ ಬಂದರೆ ಮುಗಿಯಿತು. ಎಸ್‌ಎಲ್‌ಐ ಅಂದರೆ ಸರಕಾರದ ಜೀವ ವಿಮೆ, ಜಿಐಎಸ್ ಅಂದರೆ ಗುಂಪು ವಿಮೆ. ಎರಡೂ ಬೇರೆ ಬೇರೆ, ಎರಡಕ್ಕೂ ಪಾಸ್‌ಬುಕ್ ಇರುತ್ತದೆ. ಕೈಯಲ್ಲಿ ಇದೆಯಾ ಎಂದು ಕೇಳಿದರೆ "ಆಫೀಸಿನಲ್ಲಿ ಎಲ್ಲೋ ಇರಬೇಕು" ಅನ್ನುತ್ತಾರೆ. ಅಪಘಾತ ವಿಮೆಗೆ ವರ್ಷಕ್ಕೊಮ್ಮೆ ಸಂಬಳದಿಂದ ಹಿಡಿಯುತ್ತಾರೆ. ಆ ತಿಂಗಳು ರಜೆಯಲ್ಲಿ ಇದ್ದವರು ತಾವೇ ನೋಡಿ ಕಟ್ಟಬೇಕು. ಇದನ್ನು ಹೇಳುವ ಸರ್ಕ್ಯುಲರ್ ಮಲಯಾಳದಲ್ಲಿ, ಅದೂ ಆರು ಪುಟ, ವಾಟ್ಸಾಪಿನಲ್ಲಿ. ಮಲಯಾಳ ಮಾತಾಡಲು ಬರುವ ಕನ್ನಡಿಗನಿಗೂ ಸರಕಾರಿ ಮಲಯಾಳ ಓದುವುದು ಸುಲಭ ಅಲ್ಲ. ಯಾರೋ ವಾಯ್ಸ್ ಮೆಸೇಜ್ ಹಾಕುತ್ತಾರೆ, ಅದನ್ನು ಇನ್ನೊಬ್ಬರು ಅರ್ಧ ಕೇಳಿ ಮೂರನೆಯವರಿಗೆ ಹೇಳುತ್ತಾರೆ. ನಮ್ಮ ಆಫೀಸುಗಳಲ್ಲಿ ಆರ್ಡರ್ ತಿಳಿಯುವ ಕ್ರಮ ಇದು.

ನಾಮಿನೇಶನ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅಲ್ಲಿ ಆದ ತಪ್ಪು ಕೊನೆಗೆ ಮನೆಯವರ ಕುತ್ತಿಗೆಗೆ ಬರುತ್ತದೆ. ಕೆಲಸಕ್ಕೆ ಸೇರುವಾಗ ಮದುವೆ ಆಗಿರುವುದಿಲ್ಲ. ಅಮ್ಮನ ಹೆಸರು ಬರೆದಿರುತ್ತಾರೆ. ಮದುವೆ ಆದ ಮೇಲೆ ಪಿಎಫ್‌ನ ಆ ಹಳೆಯ ನಾಮಿನೇಶನ್ ನಡೆಯುವುದಿಲ್ಲ, ಹೊಸತು ಕೊಡಬೇಕು. ಯಾರೂ ಕೊಡುವುದಿಲ್ಲ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಗಂಡ ಸರ್ವಿಸಿನಲ್ಲಿ ಇರುವಾಗಲೇ ಹೋದ. ಹೆಂಡತಿಗೆ ಕನ್ನಡ, ತುಳು ಬಿಟ್ಟು ಬೇರೆ ಬಾರದು. ಒಂದು ಆಫೀಸಿನಲ್ಲಿ ಹೋಗಿ ಕೇಳಿದರೆ ಇನ್ನೊಂದು ಆಫೀಸು ಎಂದರು. ಅಲ್ಲಿ ಹೋದರೆ ವಾರಸುದಾರರ ಸರ್ಟಿಫಿಕೇಟ್ ತನ್ನಿ ಎಂದರು. ಗಂಡ ಬದುಕಿದ್ದಾಗ ಹತ್ತು ನಿಮಿಷ ಕೂತು ಒಂದು ಫಾರ್ಮ್ ತುಂಬಿಸಿದ್ದರೆ ಆಗುತ್ತಿತ್ತು. ಆಶ್ರಿತರಿಗೆ ನೌಕರಿ ಕೊಡುವ ಕ್ರಮವೂ ಇದೆ, ಅದಕ್ಕೂ ಇಂತಿಷ್ಟು ಸಮಯದೊಳಗೆ ಅರ್ಜಿ ಕೊಡಬೇಕು ಎಂಬ ಮಿತಿ ಇದೆ. ಹದಿಮೂರನೇ ದಿನದ ಊಟ ಆದ ಮೇಲೆ ಆ ಮನೆಗೆ ಹೋಗಿ ಕನ್ನಡದಲ್ಲಿ ಇದನ್ನು ಯಾರು ಹೇಳುತ್ತಾರೆ?

ಮೆಡಿಸೆಪ್, ಅಂದರೆ ನೌಕರರ ಆರೋಗ್ಯ ವಿಮೆ, ಇನ್ನೊಂದು ಕಥೆ. 2022ರ ಜುಲೈ 1ಕ್ಕೆ ಶುರುವಾದಾಗ ತಿಂಗಳಿಗೆ 500 ರೂಪಾಯಿ, ವರ್ಷಕ್ಕೆ 3 ಲಕ್ಷದ ತನಕ ಚಿಕಿತ್ಸೆ. ಪೆನ್ಶನ್‌ದಾರರಿಗೂ ಅನ್ವಯ. ನಮಗೆ ಸಿಗುತ್ತಿದ್ದ ಮೆಡಿಕಲ್ ಅಲೋವೆನ್ಸ್ 500 ಸೀದಾ ಅಲ್ಲಿಗೆ ಹೋಯಿತು. ಯೋಜನೆ ಕೆಟ್ಟದು ಅನ್ನಲಾರೆ. ಹಳೆಯ ಕಾಲದಲ್ಲಿ ಬಿಲ್ಲು ಕೊಟ್ಟು, ಡಾಕ್ಟರ ಸಹಿ ಹಾಕಿಸಿ, ರೀಎಂಬರ್ಸ್‌ಮೆಂಟಿಗೆ ಕಾಯುತ್ತಿದ್ದುದು ನೆನಪಿದೆ. ಆದರೆ ತಿರುವನಂತಪುರದಲ್ಲಿ ಕೂತು ಮಾಡಿದ ಯೋಜನೆಗೆ ಒಂದು ವಿಷಯ ತಟ್ಟನೆ ಹೊಳೆಯುವುದಿಲ್ಲ. ಮಂಜೇಶ್ವರದವನಿಗೆ ಎದೆ ನೋವು ಬಂದರೆ ಅವನು ಹೋಗುವುದು ಮಂಗಳೂರಿಗೆ. ಕಣ್ಣೂರಿನ ಪರಿಯಾರ ಮೆಡಿಕಲ್ ಕಾಲೇಜಿಗೆ ಅಲ್ಲ. ಕೋಝಿಕ್ಕೋಡಿಗಂತೂ ಅಲ್ಲವೇ ಅಲ್ಲ. 2020ರಲ್ಲಿ ಕೊರೋನಾ ಕಾಲಕ್ಕೆ ಕರ್ನಾಟಕ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಮಂಗಳೂರಿಗೆ ಹೋಗಲಾರದೆ ರೋಗಿಗಳು ಎಷ್ಟು ಒದ್ದಾಡಿದರು ಎಂದು ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ನಮ್ಮ ಜಿಲ್ಲೆಯದೇ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದ್ದು, ಒಪಿ (ಹೊರರೋಗಿ ವಿಭಾಗ) ಶುರುವಾಗಿದ್ದು 2022ರಲ್ಲಿ.

ಹಾಗಾಗಿ ಮಂಗಳೂರಿನ ಯಾವ ಆಸ್ಪತ್ರೆ ಪಟ್ಟಿಯಲ್ಲಿ ಇದೆ, ಯಾವ ಕಾಯಿಲೆಗೆ ಇದೆ ಎಂಬುದು ನಮಗೆ ಜೀವದ ಪ್ರಶ್ನೆ. ಆಸ್ಪತ್ರೆ ಪಟ್ಟಿಯಲ್ಲಿ ಇದ್ದರೂ ಎಲ್ಲ ವಿಭಾಗವೂ ಇರಬೇಕೆಂದಿಲ್ಲ. ಮೊದಲ ಹಂತದ ನಿಯಮದಲ್ಲಿ ಪಟ್ಟಿಯಲ್ಲಿ ಇಲ್ಲದ ಆಸ್ಪತ್ರೆಗೆ ಹೋದರೆ ಹಣ ವಾಪಸ್ ಸಿಗುತ್ತಿದ್ದುದು ಹೃದಯಾಘಾತ, ಪಕ್ಷವಾತ, ರಸ್ತೆ ಅಪಘಾತ ಈ ಮೂರಕ್ಕೆ ಮಾತ್ರ. ಪಿತ್ತಕೋಶದ ಆಪರೇಶನ್ ಮಾಡಿಸಿಕೊಂಡು ಬಂದು "ನನಗೆ ಮೆಡಿಸೆಪ್ ಇದೆ" ಎಂದರೆ ಏನೂ ಪ್ರಯೋಜನ ಇರಲಿಲ್ಲ. ಇದು ಗೊತ್ತಿಲ್ಲದೆ ಚಿನ್ನ ಅಡವಿಟ್ಟವರಿದ್ದಾರೆ. ಕಾರ್ಡ್ ಡೌನ್‌ಲೋಡ್ ಮಾಡಿ, ಅವಲಂಬಿತರ ಹೆಸರು ಸರಿ ಇದೆಯಾ ನೋಡಿ. ಪಟ್ಟಿ ಬದಲಾಗುತ್ತಾ ಇರುತ್ತದೆ, ಕಳೆದ ವರ್ಷ ಇತ್ತು ಎಂದು ಈ ವರ್ಷ ಹೋಗಬೇಡಿ. ಹೋಗುವ ಮೊದಲು ಒಂದು ಫೋನ್ ಮಾಡಿ.

ಓಣಂನದ್ದು ಸಣ್ಣ ವಿಷಯ, ಬೇಗ ಹೇಳಿ ಮುಗಿಸುತ್ತೇನೆ. 2025ರಲ್ಲಿ ಬೋನಸ್ 4,500, ಬೋನಸ್ ಇಲ್ಲದವರಿಗೆ ಹಬ್ಬದ ಭತ್ಯೆ 3,000, ಅಡ್ವಾನ್ಸ್ 20,000. ನಮ್ಮ ಮನೆಗಳಲ್ಲಿ ಓಣಂ ಹಣ ಚೌತಿಗೆ ಖರ್ಚಾಗುತ್ತದೆ, ಆ ಮಟ್ಟಿಗೆ ಸರಕಾರಕ್ಕೆ ಗಣಪತಿಯ ಆಶೀರ್ವಾದ ಇದೆ. ಅಡ್ವಾನ್ಸ್ ಸಾಲವೇ, ಸಂಬಳದಿಂದ ಕಂತಿನಲ್ಲಿ ಹೋಗುತ್ತದೆ ಎಂಬುದನ್ನು ಮನೆಯಲ್ಲಿ ಮೊದಲೇ ಹೇಳಿಬಿಡಿ. ಮನೆ ಮನೆಗೆ ಹೋಗಿ ಪ್ಲಾಸ್ಟಿಕ್ ಹೆಕ್ಕುವ ಹರಿತ ಕರ್ಮ ಸೇನೆಯ ಹೆಂಗಸರು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಪಂಚಾಯತಿನ ಹೆಸರಿನಲ್ಲಿ ದುಡಿಯುತ್ತಾರೆ, ನೌಕರರಲ್ಲ. ನಮ್ಮೂರಿನಲ್ಲಿ ಅವರಿಗೆ ಪ್ಲಾಸ್ಟಿಕ್ ಒಯ್ಯುವುದಕ್ಕೆ 50 ರೂಪಾಯಿ ಕೊಡಲು ಚೌಕಾಶಿ ಮಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಯೂನಿಯನ್‌ನವರ ಮೇಲೂ ನನಗೆ ಒಂದು ಮಾತಿದೆ. ಎಲ್ಲ ಬಣ್ಣದ ಯೂನಿಯನ್‌ಗೂ ಹೇಳುತ್ತಿದ್ದೇನೆ. ಸದಸ್ಯತ್ವಕ್ಕೆ ಬರುವಾಗ ಚೆನ್ನಾಗಿ ಕನ್ನಡ ಮಾತಾಡುತ್ತೀರಿ. ತುಳು ಕೂಡ. ಆಮೇಲೆ ಬರುವ ನೋಟೀಸು, ಡೈರಿ, ಕ್ಲಾಸು ಎಲ್ಲ ಮಲಯಾಳದಲ್ಲಿ. ಡಿಎ ಬಾಕಿಗೆ ಮೆರವಣಿಗೆ ಮಾಡುವುದು ಬೇಕು, ನಾನೂ ನಡೆದಿದ್ದೇನೆ. ಜತೆಗೆ ಸಂಬಳದ ಸ್ಲಿಪ್ ಓದುವುದು ಹೇಗೆ, ನಾಮಿನೇಶನ್ ಬದಲಿಸುವುದು ಹೇಗೆ, ಅಕೌಂಟ್ ಟೆಸ್ಟ್ ಎಂಬ ಇಲಾಖಾ ಪರೀಕ್ಷೆ ಪಾಸಾಗದಿದ್ದರೆ ಪ್ರಮೋಶನ್ ಹೇಗೆ ನಿಲ್ಲುತ್ತದೆ ಎಂದು ಕನ್ನಡದಲ್ಲಿ ಒಂದು ಮಧ್ಯಾಹ್ನ ಹೇಳಿಕೊಡಿ. ಉಪ್ಪಳದಲ್ಲೋ ಬದಿಯಡ್ಕದಲ್ಲೋ ಒಂದು ಹಾಲ್ ಸಿಕ್ಕರೆ ಸಾಕು.

ಇಲಾಖೆಯಿಂದ ಆಗಬೇಕಾದದ್ದೂ ದೊಡ್ಡದೇನಲ್ಲ. 2022ರಲ್ಲಿ ಪಂಚಾಯತ್, ನಗರಸಭೆ, ಗ್ರಾಮಾಭಿವೃದ್ಧಿ ಎಲ್ಲ ಸೇರಿಸಿ ಒಂದೇ ಇಲಾಖೆ ಮಾಡಿದರು. 2025ರ ಏಪ್ರಿಲಿನಲ್ಲಿ ಕೆ-ಸ್ಮಾರ್ಟ್ ಎಂಬ ಆನ್‌ಲೈನ್ ವ್ಯವಸ್ಥೆ ಗ್ರಾಮ ಪಂಚಾಯತುಗಳಿಗೂ ಬಂತು. ಪ್ರತಿ ಸಲವೂ ತ್ರಿಶೂರಿನ ಕಿಲಾದಿಂದ (ಸ್ಥಳೀಯಾಡಳಿತದ ತರಬೇತಿ ಸಂಸ್ಥೆ) ಹಿಡಿದು ತರಬೇತಿಗಳು ನಡೆದವು. ಅದರಲ್ಲಿ ಒಂದು ಬ್ಯಾಚ್ ಕನ್ನಡದಲ್ಲಿ ಯಾಕೆ ಆಗಬಾರದು? ಸೇವಾ ನಿಯಮ, ರಜೆ, ವಿಮೆ, ಪಿಎಫ್, ಮೆಡಿಸೆಪ್ ಇಷ್ಟನ್ನು ಸರಳ ಕನ್ನಡದಲ್ಲಿ ಬರೆದ ಒಂದು ಕೈಪಿಡಿ ಸಾಕು. ಬರೆಯುವವರು ಇಲ್ಲ ಎಂದು ಹೇಳಬೇಡಿ. ನಮ್ಮಂಥ ನಿವೃತ್ತರು ಅಡಿಕೆ ಒಣಗಿಸಿಕೊಂಡು ಮನೆಯಲ್ಲೇ ಇದ್ದೇವೆ. ಕರೆದರೆ ಬರುತ್ತೇವೆ. ಟಿಎ ಕೂಡ ಬೇಡ.

2025ರ ಡಿಸೆಂಬರ್ ಚುನಾವಣೆ ಮುಗಿದು ಪಂಚಾಯತುಗಳಿಗೆ ಹೊಸ ಆಡಳಿತ ಸಮಿತಿಗಳು ಬಂದಿವೆ. ಗೆದ್ದವರಲ್ಲಿ ಕನ್ನಡ ಮೀಡಿಯಂನವರು ಬೇಕಾದಷ್ಟು ಇದ್ದಾರೆ, ಅವರಲ್ಲಿ ಕೆಲವರು ಈ ಬರಹ ಓದುತ್ತೀರಿ ಎಂದೂ ನನಗೆ ಗೊತ್ತು. ಮುಂದಿನ ಮೀಟಿಂಗಿನ ಅಜೆಂಡಾದಲ್ಲಿ ಒಂದು ಸಾಲು ಸೇರಿಸಿ: ಕನ್ನಡ ನೌಕರರಿಗೆ ಕನ್ನಡದಲ್ಲಿ ತರಬೇತಿ ಮತ್ತು ಕೈಪಿಡಿ, ಬೇರೆ ಜಿಲ್ಲೆಯಿಂದ ಬರುವವರಿಗೆ ಕನ್ನಡ ಓದಲು ಕಲಿಸುವ ವ್ಯವಸ್ಥೆ. ನಿರ್ಣಯ ಮಾಡಿ ಕಳಿಸಲು ಪಂಚಾಯತಿನ ಫಂಡಿನಿಂದ ಒಂದು ರೂಪಾಯಿ ಬೇಡ. ಡ್ರಾಫ್ಟ್ ಬೇಕಿದ್ದರೆ ಕೇಳಿ, ಎರಡೂ ಭಾಷೆಯಲ್ಲಿ ಬರೆದುಕೊಡುತ್ತೇನೆ.