ಎರಡು ವಯಸ್ಸಿನ ಗಾಡಿ

ನಮ್ಮ ಗಂಗಾವತಿಯಲ್ಲಿ ಕ್ಯಾರವಾನ್ ಅಂದರೆ ಒಂದೇ ಅರ್ಥ. ಆನೆಗೊಂದಿ ಕಡೆ ಶೂಟಿಂಗ್ ಬಂದಿದೆ, ಒಳಗೆ ಹೀರೋ ಎ.ಸಿ. ಹಾಕಿಕೊಂಡು ಕೂತಿದ್ದಾನೆ. ಹಾಗಾಗಿ ಬ್ಯಾಂಕಿನಿಂದ ರಿಟೈರ್ ಆದ ನಾನು ಕ್ಯಾರವಾನ್ ತಗೊಳ್ಳುತ್ತೇನೆ ಅಂದಾಗ ಓಣಿಯವರು ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ನನ್ನ ತಲೆ ನೋಡಿದರು. ತಲೆಯ ಮೇಲೆ ನೋಡುವಂಥದ್ದು ಏನೂ ಉಳಿದಿಲ್ಲ.

ಆಸೆ ನಮ್ಮಾಕೆಯದು. ಕಾರಣ ಬಾತ್‌ರೂಮು. ಮೂವತ್ತು ವರ್ಷ ನನ್ನ ಜೊತೆ ಊರೂರು ಸುತ್ತಿದವಳು. ಹೈವೇ ಡಾಬಾಗಳ ಹಿಂದಿರುವ ಆ ಕೋಣೆಗಳ ಮೇಲೆ ಒಂದು ಪುರಾಣವನ್ನೇ ಹೇಳಬಲ್ಲಳು. "ದೇವರಿಗಿಂತ ಮೊದ್ಲು ಅದನ್ನ ಹುಡುಕೋದಾಗೇತಿ. ಅದು ನಮ್ಮ ಜೋಡೀನ ಬರೋ ಗಾಡಿ ಇದ್ರ ನೋಡ್ರಿ, ಇಲ್ಲಾಂದ್ರ ನಾ ಎಲ್ಲೂ ಬರಂಗಿಲ್ಲ," ಅಂದಳು. ಹೊಸದರ ಬೆಲೆ ಕೇಳಿದೆ. ಆ ದುಡ್ಡಿಗೆ ಕಾರಟಗಿ ಕಡೆ ಒಂದಿಷ್ಟು ಗದ್ದೆಯೇ ಬರುತ್ತಿತ್ತು. ಸೆಕೆಂಡ್ ಹ್ಯಾಂಡೇ ಗತಿ.

ಹುಡುಕಿದಾಗ ಸಿಕ್ಕಿದ್ದು ಎರಡು. ಹೊಸಪೇಟೆಯಲ್ಲಿ 2012ರ ಟೆಂಪೋ ಟ್ರಾವೆಲರ್, ಒಳಗೆ ಮಂಚ, ಒಲೆ, ಸಿಂಕು ಎಲ್ಲ ಮಾಡಿಸಿದ್ದು. ಬಳ್ಳಾರಿಯಲ್ಲಿ 2021ರದ್ದು, ಬೇರೆ ಕಂಪನಿಯ ವ್ಯಾನು. ಓಡಿದ್ದು ತೀರಾ ಕಡಿಮೆ, ಸೀಟಿನ ಪ್ಲಾಸ್ಟಿಕ್ ಕವರ್ ಕೂಡ ತೆಗೆದಿರಲಿಲ್ಲ. ಒಂದು ಮುದುಕ, ಇನ್ನೊಂದು ಮದುಮಗ. ಮದುಮಗನ ಬೆಲೆ ಮುದುಕನ ಎರಡರಷ್ಟು.

ಮೊದಲು ಹೊಸಪೇಟೆಗೆ ಹೋದೆವು. ಮಾರುವವರು ದೊಡ್ಡ ಮಾತುಗಾರರು. "ಸರ್ರ, ಹಳೇ ಕಬ್ಬಿಣ ನೋಡ್ರಿ ಇದು. ಈಗಿನ ಗಾಡಿ ಎಲ್ಲಾ ರೊಟ್ಟಿ ತಗಡು," ಅಂತ ಬಾಗಿಲಿಗೆ ಗುದ್ದಿದರು. ಹಳೇ ಕಬ್ಬಿಣದ ಮಾತನ್ನು ತುಂಗಭದ್ರಾ ಡ್ಯಾಮಿನ ಮಗ್ಗುಲಲ್ಲಿ ನಿಂತು ಹೇಳಬಾರದು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತಲ್ಲ, ಆ ವಾರ ನಮ್ಮ ಕಡೆ ಯಾರೂ ಸರಿಯಾಗಿ ನಿದ್ದೆ ಮಾಡಿಲ್ಲ. ಸುಮಾರು ಎಪ್ಪತ್ತು ವರ್ಷದ ಕಬ್ಬಿಣ ಅದು. ಹಾಗಂತ ನಾನೂ ವಾದ ಮಾಡಬಹುದಿತ್ತು. ಆದರೆ ಉಳಿದ 32 ಗೇಟುಗಳಿಗೂ ಅಷ್ಟೇ ವಯಸ್ಸು, ಅವು ನಿಂತೇ ಇದ್ದವು. ಸುಮ್ಮನಾದೆ.

ಜೊತೆಗೆ ನಮ್ಮ ಮಿಸ್ತ್ರಿಯನ್ನು ಕರೆದುಕೊಂಡು ಹೋಗಿದ್ದೆ. ಅವನು ಮಾತಾಡುವವನಲ್ಲ, ಮುಟ್ಟುವವನು. ಬಾನೆಟ್ ಮೇಲೆ ಕೈಯಿಟ್ಟು ಇಂಜಿನ್ ತಣ್ಣಗಿದೆಯಾ ಅಂತ ನೋಡಿದ. ಗಿರಾಕಿ ಬರುವ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟರೆ ಹಳೇ ಡೀಸೆಲ್ ಇಂಜಿನ್ನಿನ ರೋಗ ಮುಚ್ಚಿಹೋಗುತ್ತದಂತೆ. ಆಮೇಲೆ ಹೊಗೆಯ ಬಣ್ಣ. ನೀಲಿ ಬಂದರೆ ಆಯಿಲ್ ಸುಡುತ್ತಿದೆ ಅಂತ. ಬರಲಿಲ್ಲ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, ಅದನ್ನು ನನ್ನಿಂದ ಓದಿಸಿದ: 2316. ನಾನು ಇದೇನೋ ಮಾಡೆಲ್ ನಂಬರ್ ಅಂದುಕೊಂಡೆ. 2016ನೇ ಇಸವಿಯ 23ನೇ ವಾರ ಆ ಟಯರ್ ಹುಟ್ಟಿದ್ದು ಅಂತ ಅರ್ಥ. ಅಷ್ಟು ವರ್ಷ ಕಾರು ಓಡಿಸಿದ್ದೇನೆ, ಗೊತ್ತೇ ಇರಲಿಲ್ಲ. "ಕಚ್ಚು ಛಲೋ ಅದಾವ್ರಿ, ಆದ್ರ ರಬ್ಬರ್ ಸತ್ತೇತಿ. ನಾಕೂ ಬದಲಿ ಮಾಡ್ಸೂದ," ಅಂದ. ಮಾರುವವರ ಮುಖ ಸ್ವಲ್ಪ ಬಾಡಿತು.

ಕಾಗದ ನೋಡುವುದು ನನ್ನ ಕೆಲಸ, ಬ್ಯಾಂಕಿನ ಚಟ. ಒಳಗೆ ಮಂಚ ಹಾಕಿಸಿ ಆರ್‌ಸಿಯಲ್ಲಿ ಇನ್ನೂ ಮಿನಿಬಸ್ ಅಂತಲೇ ಇದ್ದರೆ ನಾಳೆ ಏನಾದರೂ ಆದಾಗ ವಿಮೆಯವರು ತಕರಾರು ತೆಗೆಯುತ್ತಾರೆ. ಇದರಲ್ಲಿ ಬದಲಾವಣೆ ಸರಿಯಾಗಿ ಬರೆಸಿತ್ತು, ಸಾಲವೂ ತೀರಿತ್ತು. ನೋಂದಣಿ ಹದಿನೈದು ವರ್ಷಕ್ಕೆ, ಅಂದರೆ 2027ರವರೆಗೆ. ಆಮೇಲೆ ಫಿಟ್‌ನೆಸ್ ಮಾಡಿಸಿ ಐದೈದು ವರ್ಷ ಮುಂದುವರಿಸಬೇಕು. ಇದಕ್ಕೆ ನಮ್ಮಾಕೆ ಹೆದರಿದಳು. ನಾನು ಹೆದರಲಿಲ್ಲ. ಪಿಂಚಣಿಗಾಗಿ ನಾನು ಬದುಕಿದ್ದೇನೆ ಅಂತ ಪ್ರತಿ ನವೆಂಬರ್‌ನಲ್ಲಿ ಸರ್ಟಿಫಿಕೇಟ್ ಕೊಡುತ್ತೇನೆ. ಗಾಡಿಗೆ ಐದು ವರ್ಷಕ್ಕೊಮ್ಮೆ ಸಾಕು.

ಮರುವಾರ ಬಳ್ಳಾರಿ. ಗಾಡಿ ಒಂದು ಬಯಲಲ್ಲಿ ಪಳಪಳ ಹೊಳೆಯುತ್ತಾ ನಿಂತಿತ್ತು. ಡ್ಯಾಶ್‌ಬೋರ್ಡಿನ ತುಂಬ ದೀಪ. ಮಿಸ್ತ್ರಿ ಬಾನೆಟ್ ತೆಗೆದು, ಇಣುಕಿ, ಹಾಗೇ ಮುಚ್ಚಿದ. "ಇದು ನಮ್ಮ ಕೈಯಾಗಿಂದಲ್ರಿ. ಲ್ಯಾಪ್‌ಟಾಪ್ ಹಚ್ಚಿದ್ರ ಮಾತಾಡತೈತಿ." ಡೀಸೆಲ್ ಮುಚ್ಚಳದ ಪಕ್ಕ ಒಂದು ನೀಲಿ ಮುಚ್ಚಳ ಇತ್ತು. 2020ರ ಏಪ್ರಿಲ್‌ನಿಂದ ಗಾಡಿಯ ಹೊಗೆಗೆ ಬಿಎಸ್-6 ಅನ್ನುವ ಬಿಗಿ ನಿಯಮ ಬಂತಲ್ಲ, ಅಲ್ಲಿಂದೀಚಿನ ಎಷ್ಟೋ ಡೀಸೆಲ್ ಗಾಡಿಗಳಿಗೆ ಹೊಗೆ ಶುದ್ಧ ಮಾಡಲು ಯೂರಿಯಾ ಬೆರೆತ ನೀರು ಬೇಕು. ನೂರಕ್ಕೆ 32.5 ಪಾಲು ಯೂರಿಯಾ, ಉಳಿದದ್ದು ಶುದ್ಧ ನೀರು. ಅದು ಖಾಲಿಯಾದರೆ ಗಾಡಿ ಮುನಿಸಿಕೊಳ್ಳುತ್ತದೆ. ಊರಿಗೆ ಬಂದು ಪಕ್ಕದ ಮನೆಯ ರೈತರಿಗೆ ಇದನ್ನು ಹೇಳಿದರೆ ಅವರು ನಂಬಲೇ ಇಲ್ಲ. "ಭತ್ತಕ್ಕ ಹಾಕಾಕ ಸೊಸೈಟಿ ಮುಂದ ಪಾಳಿ ಹಚ್ಚೇವಿ. ಈಗ ಗಾಡೀನೂ ಪಾಳಿಗೆ ಬಂತೇನ್ರಿ?"

ಆದರೂ ನನ್ನ ಮನಸ್ಸು ಹೊಸದರ ಕಡೆಗೇ ವಾಲಿತ್ತು, ಸುಳ್ಳೇಕೆ ಹೇಳಲಿ. ವಯಸ್ಸಾದವರಿಗೆ ಹೊಸದೇ ಇರಲಿ, ದಾರಿಯಲ್ಲಿ ಕೆಟ್ಟು ನಿಂತರೆ ನೂಕುವವರು ಯಾರು ಅನ್ನುವ ಲೆಕ್ಕ. ಅಡ್ವಾನ್ಸ್ ಕೊಡಲು ಜೇಬಿಗೆ ಕೈ ಹಾಕಿದ್ದೆ.

ಅಷ್ಟರಲ್ಲಿ ನಮ್ಮಾಕೆ ಅಲ್ಲಿದ್ದ ಹುಡುಗನಿಗೆ "ತಮ್ಮಾ, ಎರಡು ಕೊಡ ನೀರು ಮ್ಯಾಲೆ ಸುರುವು," ಅಂದಳು. ಯಾಕೆ ಅಂದರೆ ಉತ್ತರವಿಲ್ಲ. ಮನೆ ಕೊಳ್ಳುವಾಗ ಮಾಳಿಗೆ ಸೋರುತ್ತದೆಯಾ ನೋಡುವುದಿಲ್ಲವೇ, ಹಾಗೆ. ಹುಡುಗ ಏಣಿ ಹತ್ತಿ ಸುರಿದ. ನಾವು ಒಳಗೆ ಕೂತೆವು. ಐದು ನಿಮಿಷ ಏನೂ ಇಲ್ಲ. ಆಮೇಲೆ ಛಾವಣಿಯ ಕಿಟಕಿಯ ಮೂಲೆಯಿಂದ ಒಂದು ಹನಿ, ಸರಿಯಾಗಿ ದಿಂಬಿನ ಮೇಲೆ. ಮತ್ತೊಂದು. ಅಲ್ಲಿಯ ಪ್ಲೈವುಡ್ ಒತ್ತಿ ನೋಡಿದರೆ ನೆನೆದ ರಸ್ಕಿನ ಹಾಗೆ ಒಳಗೆ ಹೋಯಿತು.

ಬಳ್ಳಾರಿ ಬಿಸಿಲಿನಲ್ಲಿ ನಾಲ್ಕು ಬೇಸಿಗೆ ಅಲ್ಲಾಡದೆ ನಿಂತ ಗಾಡಿ. ಇಂಜಿನ್ನಿಗೆ ಏನೂ ಆಗಿರಲಿಲ್ಲ. ಛಾವಣಿಯ ಸಂದಿಗೆ ಹಚ್ಚಿದ ಮೇಣದಂಥ ಸೀಲು ಒಣಗಿ ಬಿರಿದಿತ್ತು. ನಲ್ಲಿಯ ವಾಷರು ಗಟ್ಟಿಯಾಗಿತ್ತು, ಒಳಗಿನ ಬ್ಯಾಟರಿ ಸತ್ತಿತ್ತು. ಆಗ ನನಗೆ ಹೊಳೆಯಿತು: ಈ ಜಾತಿಯ ಗಾಡಿಗೆ ಎರಡು ವಯಸ್ಸು. ಗಾಡಿಗೊಂದು, ಅದರ ಬೆನ್ನ ಮೇಲಿನ ಮನೆಗೊಂದು. ಗಾಡಿ ಓಡಿ ಓಡಿ ಮುದುಕಾಗುತ್ತದೆ, ಮನೆ ನಿಂತು ನಿಂತು. ನಾನು ಮೀಟರು ನೋಡಿದ್ದೆ, ಆರ್‌ಸಿ ನೋಡಿದ್ದೆ. ಎರಡೂ ಗಾಡಿಯ ವಯಸ್ಸನ್ನಷ್ಟೇ ಹೇಳುತ್ತವೆ.

ಹಳೆಯದರ ಒಳಗನ್ನು ನೆನಪಿಸಿಕೊಂಡೆ. ಒಲೆಯ ಹಿಂದೆ ಒಗ್ಗರಣೆಯ ಎಣ್ಣೆ ಕಲೆ, ಗೋಡೆಯ ಮೇಲೆ ಮಕ್ಕಳು ಎತ್ತರ ಗುರುತು ಹಾಕಿದ ಪೆನ್ಸಿಲ್ ಗೆರೆ. ನಾನು ಅದನ್ನೆಲ್ಲ ಹೊಲಸು ಅಂದುಕೊಂಡಿದ್ದೆ. ಯಾರೋ ಅದರಲ್ಲಿ ವರ್ಷವರ್ಷವೂ ಇದ್ದು, ಸೋರಿದಾಗ ಮುಚ್ಚಿ, ನಲ್ಲಿ ತಿರುಗಿಸಿ ಬದುಕಿದ್ದರು. ಮತ್ತೆ ಹೊಸಪೇಟೆಗೆ ಹೋದೆವು. ನಮ್ಮಾಕೆ ಅಲ್ಲೂ ನೀರು ಸುರಿಸಿದಳು. ಒಂದು ಹನಿ ಇಳಿಯಲಿಲ್ಲ. ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಒಳಗೇ ಇದ್ದಳು. ಹೊರಗೆ ಬಂದು ತಲೆ ಆಡಿಸಿದಳು.

ಟಯರಿನ ದುಡ್ಡು ಬೆಲೆಯಲ್ಲಿ ಮುರಿದುಕೊಂಡೆವು. ಈಗ ಗಾಡಿ ನಮ್ಮ ಮನೆ ಮುಂದಿನ ಬೇವಿನ ಮರದ ಕೆಳಗಿದೆ. ಹರಿದ್ವಾರದ ಮಾತು ಸದ್ಯಕ್ಕಿಲ್ಲ. ದಾರಿಯಲ್ಲಿ ದೆಹಲಿ ಸುತ್ತ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಅನ್ನುವ ತಂಟೆ 2015ರಿಂದಲೂ ಇದೆ. ಇಟಗಿ, ಕುಕನೂರು, ಬಾದಾಮಿ ಸಾಕಷ್ಟಿವೆ. ನಿಂತರೆ ಮನೆಗೆ ವಯಸ್ಸಾಗುತ್ತದೆ ಅನ್ನುವ ಹೆದರಿಕೆ ಬೇರೆ. ಅದಕ್ಕೇ ಎಲ್ಲಿಗೂ ಹೋಗದ ಭಾನುವಾರ ಮುನಿರಾಬಾದ್‌ವರೆಗೆ ಓಡಿಸಿಕೊಂಡು ಬರುತ್ತೇವೆ.

ಹೋದ ವಾರ ಡ್ಯಾಮಿನ ಹತ್ತಿರ ನಿಲ್ಲಿಸಿದಾಗ ಮಿರ್ಚಿ ಬಂಡಿಯವನು ಓಡಿಬಂದು ಕಿಟಕಿಯಲ್ಲಿ ಇಣುಕಿದ. "ಯಾವ ಹೀರೋ ಬಂದಾನ್ರಿ ಒಳಗ?"

ನಮ್ಮಾಕೆ ಪರದೆ ಸರಿಸಿದಳು. "ಯಾರಿಲ್ಲಪ್ಪಾ, ನಾವ ಅದೀವಿ. ಎರಡು ಪ್ಲೇಟ್ ಬಿಸಿ ಮಿರ್ಚಿ ಹಾಕು. ಎಣ್ಣಿ ಹಳೇದಿಲ್ಲ ಹೌದಲ್ಲೋ?"