ಬೆನ್ನು ಲಟಕ್ ಅಂದರೆ ಓಟ ಚುರುಕಾಗುತ್ತದೆಯೇ?

ಪರ

ಸೊಂಟ ಹಿಡ್ಕೊಂಡಿರುವವರಿಗೆ ಓಡಿ ಅಂದರೆ ಹೇಗೆ ಓಡುತ್ತಾರೆ? ಆಟಗಾರರು ಊಟ, ನಿದ್ದೆ, ವೇಗ ಎಲ್ಲದರ ಲೆಕ್ಕ ಇಡುತ್ತಾರೆ. ನೋವಿನಿಂದ ತಪ್ಪಿಹೋದ ಅಭ್ಯಾಸದ ದಿನಗಳನ್ನೂ ಆ ಲೆಕ್ಕಕ್ಕೆ ಸೇರಿಸಬೇಕು. ಕೈರೋಪ್ರಾಕ್ಟಿಕ್‌ನ ಬೆಲೆ ಗೊತ್ತಾಗುವುದು ಆಗಲೇ.

ಬೆನ್ನುಮೂಳೆಯ ಕೀಲುಗಳನ್ನು ಕೈಯಿಂದ ಒತ್ತಿ, ಚುರುಕಾಗಿ ತಳ್ಳಿ ಸಡಿಲ ಮಾಡುವ ಚಿಕಿತ್ಸೆ ಇದು. ಉಳುಕು ತೆಗೆಸಿಕೊಂಡು ಬಂದವರಿಗೆ ತೀರಾ ಹೊಸದು ಅನ್ನಿಸಲಿಕ್ಕಿಲ್ಲ. ಆದರೆ ಅಮೆರಿಕದಲ್ಲಿ ಇದಕ್ಕೆ ವರ್ಷಗಟ್ಟಲೆ ಓದಬೇಕು, ಪರವಾನಗಿ ಪಡೆಯಬೇಕು. ಅಲ್ಲಿನ ವೈದ್ಯರ ಸಂಘ ಈ ಚಿಕಿತ್ಸೆ ಕೊಡುವ ಕೈರೋಪ್ರಾಕ್ಟರ್‌ಗಳನ್ನು ಬಹಳ ಕಾಲ ದೂರ ಇಟ್ಟಿತ್ತು. ಆ ಬಹಿಷ್ಕಾರ ಕಾನೂನಿಗೆ ವಿರುದ್ಧ ಎಂದು 1987ರಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಿತು. ಆಟಗಾರರು ಅಷ್ಟರವರೆಗೆ ಕಾಯಲಿಲ್ಲ. 1980ರ ಲೇಕ್ ಪ್ಲಾಸಿಡ್ ಚಳಿಗಾಲದ ಒಲಿಂಪಿಕ್ಸ್‌ನಲ್ಲೇ ಅಮೆರಿಕ ತಂಡದ ಜೊತೆ ಜಾರ್ಜ್ ಗುಡ್‌ಹಾರ್ಟ್ ಎಂಬ ಕೈರೋಪ್ರಾಕ್ಟರ್ ಇದ್ದರು. 2012ರ ಲಂಡನ್ ಕ್ರೀಡಾಗ್ರಾಮದ ಆಸ್ಪತ್ರೆಯಲ್ಲೂ ಈ ಚಿಕಿತ್ಸೆ ಸಿಗುತ್ತಿತ್ತು.

ಹೊಸದಾಗಿ ಶುರುವಾದ ಸೊಂಟನೋವಿಗೆ ಮಾತ್ರೆಗಿಂತ ಮೊದಲು ಶಾಖ, ಮಸಾಜ್, ಬೆನ್ನುಮೂಳೆಗೆ ಕೈಚಿಕಿತ್ಸೆ ಇಂಥವನ್ನು ನೋಡಿ ಎಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಎಂಬ ವೈದ್ಯರ ಸಂಸ್ಥೆ 2017ರಲ್ಲಿ ಸಲಹೆ ಕೊಟ್ಟಿತು. ಡೋಪಿಂಗ್ ಪರೀಕ್ಷೆಯ ಭಯಕ್ಕೆ ನೆಗಡಿಯ ಮಾತ್ರೆ ನುಂಗಲೂ ಯೋಚಿಸುವವರು ಆಟಗಾರರು. ಅವರಿಗೆ ಮಾತ್ರೆಯಿಲ್ಲದ ದಾರಿ ಒಂದಿದ್ದರೆ ಒಳ್ಳೆಯದೇ ಅಲ್ವಾ? ನೋವು ಎರಡು ದಿನ ಮೊದಲು ಇಳಿದರೆ ಎರಡು ದಿನದ ಅಭ್ಯಾಸ ಉಳಿಯಿತು.

ವಿರೋಧ

ನೋವಿಗೆ ಚಿಕಿತ್ಸೆ ಬೇಕು, ಒಪ್ಪಿದೆ. ನನ್ನ ತಕರಾರು ಬೇರೆ. ನೋವೇ ಇಲ್ಲದ ಹುಡುಗ ಹುಡುಗಿಯರಿಗೆ "ಬೆನ್ನು ಸರಿ ಮಾಡಿಸಿಕೊಳ್ಳಿ, ಇನ್ನೂ ಜೋರಾಗಿ ಓಡುತ್ತೀರಿ" ಎಂದು ಹೇಳುವುದು ಸರಿಯೇ?

ಈ ಮಾತಿನ ಬೇರು 1895ರಲ್ಲಿದೆ. ಅಮೆರಿಕದ ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟ್‌ನಲ್ಲಿ ಡಿ. ಡಿ. ಪಾಮರ್ ಎಂಬುವರು ಕಿವಿ ಮಂದವಾಗಿದ್ದ ಹಾರ್ವೆ ಲಿಲ್ಲಾರ್ಡ್ ಎಂಬ ಕೆಲಸಗಾರನ ಬೆನ್ನು ಒತ್ತಿದರು. ಅವನಿಗೆ ಕಿವಿ ಕೇಳಿಸಿತು ಎಂದರು. ಮೂಳೆ ಜರುಗಿ ನರ ಒತ್ತುವುದೇ ಬಹುಪಾಲು ರೋಗಗಳ ಮೂಲ ಎಂಬ ವಾದ ಅಲ್ಲಿಂದ ಬೆಳೆಯಿತು. ಅದು ಇವತ್ತಿಗೂ ಸಾಬೀತಾಗಿಲ್ಲ. ಲಟಕ್ ಎಂದರೆ ಮೂಳೆ ಜಾಗಕ್ಕೆ ಕೂತಿತು ಅಂತ ಎಷ್ಟೋ ಜನ ನಂಬಿದ್ದಾರೆ. ಬೆರಳ ನೆಟಿಗೆ ತೆಗೆದಾಗ ಬರುವಂಥದೇ ಸದ್ದು ಅದು. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ನೆಟಿಗೆಯನ್ನು ಎಂಆರ್‌ಐನಲ್ಲಿ ನೋಡಿದರು. ಕೀಲು ಹಿಗ್ಗಿದಾಗ ಒಳಗಿನ ದ್ರವದಲ್ಲಿ ಒಂದು ಪೊಳ್ಳು ಮೂಡುತ್ತದೆ. ಮೂಳೆ ಎಲ್ಲೂ ಜರುಗಿರುವುದಿಲ್ಲ, ಜಾಗಕ್ಕೆ ಬರುವುದೂ ಇಲ್ಲ.

ಬೆನ್ನು ನೆಟ್ಟಗಿದ್ದರೆ ಮಾತ್ರ ವೇಗ ಅನ್ನುವವರು ಉಸೇನ್ ಬೋಲ್ಟ್ ಅವರನ್ನು ನೋಡಬೇಕು. ಅವರ ಬೆನ್ನುಮೂಳೆ ಪಕ್ಕಕ್ಕೆ ಬಾಗಿದೆ. ಅದೇ ಬೆನ್ನಿನಲ್ಲಿ 2009ರಲ್ಲಿ ಬರ್ಲಿನ್‌ನಲ್ಲಿ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದರು. ಬಾಗಿದ್ದನ್ನು ತಾಳಿಕೊಳ್ಳಲು ಅವರು ಹೊಟ್ಟೆ, ಸೊಂಟದ ಸ್ನಾಯುಗಳನ್ನು ವರ್ಷಗಟ್ಟಲೆ ವ್ಯಾಯಾಮದಿಂದ ಗಟ್ಟಿ ಮಾಡಿಕೊಂಡರು.

ಸೊಂಟನೋವಿನ ವಿಷಯದಲ್ಲೂ ಗುಣ ದೊಡ್ಡದಲ್ಲ. 2017ರಲ್ಲೇ ಹಲವು ಪ್ರಯೋಗಗಳನ್ನು ಒಟ್ಟಿಗೆ ನೋಡಿದಾಗ, 100 ಅಂಕದ ನೋವಿನ ಅಳತೆಯಲ್ಲಿ ಸುಮಾರು 10 ಅಂಕ ಇಳಿದಿತ್ತು.

ನನಗೆ ನಿಜವಾಗಿ ಭಯ ಹುಟ್ಟಿಸುವುದು ಕತ್ತು. ಕತ್ತಿನ ಮೂಳೆಗಳ ಮಧ್ಯೆಯೇ ಮೆದುಳಿಗೆ ರಕ್ತ ಒಯ್ಯುವ ನಾಳಗಳು ಹೋಗುತ್ತವೆ. ರಭಸವಾಗಿ ತಿರುಗಿಸಿದಾಗ ನಾಳದ ಒಳಪದರ ಹರಿದು ಪಾರ್ಶ್ವವಾಯು ಆದ ಪ್ರಕರಣಗಳು ದಾಖಲಾಗಿವೆ. ಇದು ಅಪರೂಪ, ನಿಜ. ಆದರೆ ಏನೂ ತೊಂದರೆಯಿಲ್ಲದ ಹದಿನಾರರ ಓಟಗಾರ್ತಿ ಅಷ್ಟು ಅಪಾಯವನ್ನಾದರೂ ಯಾಕೆ ತೆಗೆದುಕೊಳ್ಳಬೇಕು? ನಮ್ಮ ದೇಶದಲ್ಲಿ ಕೈರೋಪ್ರಾಕ್ಟರ್‌ಗಳಿಗೆಂದೇ ಒಂದು ನಿಯಂತ್ರಣ ಮಂಡಳಿಯೂ ಇಲ್ಲ. ಮೊಬೈಲಿನಲ್ಲಿ ಕತ್ತು ಲಟಕ್ ಅನ್ನಿಸುವ ವಿಡಿಯೊ ನೋಡಿ ಮಕ್ಕಳನ್ನು ಕರೆದುಕೊಂಡು ಹೋಗುವ ತರಬೇತುದಾರರು, ಮೇಜಿನ ಮೇಲೆ ಮಲಗಿಸುವ ಮೊದಲು, ಆ ಕೈಗಳು ಎಲ್ಲಿ ಕಲಿತು ಬಂದವು ಎಂದು ದಯವಿಟ್ಟು ಕೇಳಲಿ.