ಕೊಪ್ಪಳ ‘ವ೪ಪ೭ಪಳ’ ಆಗಬಾರದು

ಡೇಟಾಬೇಸ್‌ಗೆ ಆದೇಶ ಕೊಡುವ ಎಸ್‌ಕ್ಯೂಎಲ್ ಭಾಷೆಯ ಕೋಡ್‌ನ ಕ್ಯಾಪಿಟಲ್ ಇಂಗ್ಲಿಷ್ ಅಕ್ಷರಗಳನ್ನೆಲ್ಲ ಸ್ಮಾಲ್ ಮಾಡುವ ಫಂಕ್ಷನ್ ಬರೀರಿ ಅಂದರೆ ನಮ್ಮ ಕೊಪ್ಪಳದ ಹುಡುಗರು ಮೊದಲು ಕೇಳೋದೇ ಸ್ಪೀಡ್. ‘ಸರ್, 32ರ ಬಿಟ್ ಆನ್ ಮಾಡಿದ್ರ ಮುಗೀತಲ್ರೀ, ನಡುವ ಇಫ್ ಯಾಕ ಬೇಕು?’

ಜಾಣ ಪ್ರಶ್ನೆ. ಇಂಗ್ಲಿಷ್ ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯಲ್ಲಿ ಕ್ಯಾಪಿಟಲ್ ಎ 65, ಸ್ಮಾಲ್ ಎ 97. ಝಡ್‌ವರೆಗೂ ಅದೇ 32ರ ಅಂತರ, ಒಂದೇ ಬಿಟ್, ಅಂದರೆ 0 ಅಥವಾ 1 ಇರುವ ಒಂದೇ ಸ್ಥಾನ.

ಆದರೆ ಕೋಡ್ ಅಂದರೆ ಬರೀ ಆ 26 ಅಕ್ಷರಗಳಲ್ಲ. ಎಲ್ಲ ಬೈಟ್‌ಗೂ (ಎಂಟು ಬಿಟ್‌ಗಳ ಗುಂಪಿಗೂ) ಕಣ್ಣು ಮುಚ್ಚಿ ಆ ಬಿಟ್ ಹಚ್ಚಿದರೆ ಅಂಡರ್‌ಸ್ಕೋರ್ 95 ಹೋಗಿ 127 ಆಗುತ್ತದೆ, ತೆರೆಯ ಮೇಲೆ ಕಾಣದ ಡಿಲೀಟ್ ಸಂಕೇತ. 91ರ ಸ್ಕ್ವೇರ್ ಬ್ರ್ಯಾಕೆಟ್ 123ರ ಕರ್ಲಿ ಬ್ರ್ಯಾಕೆಟ್ ಆಗುತ್ತದೆ. ಇದನ್ನೇ ಪ್ಯಾಸ್ಕಲ್ ಭಾಷೆಯ ಕೋಡಿಗೆ ಹಚ್ಚಿದರೆ? ಅಲ್ಲಿ ಕರ್ಲಿ ಬ್ರ್ಯಾಕೆಟ್ ಅಂದರೆ ಕಾಮೆಂಟ್, ಕಂಪೈಲರ್ ಓದದೆ ಬಿಡುವ ಟಿಪ್ಪಣಿ! ಅರೇಯ ಇಂಡೆಕ್ಸ್ ಇಡಿಯಾಗಿ ಕಾಮೆಂಟಿನೊಳಗೆ ಹೋಯಿತು.

ನನಗೆ ಹೆಚ್ಚು ಸಂಕಟವಾಗುವುದು ಕನ್ನಡದ ಗತಿ ನೋಡಿದಾಗ. ಎಲ್ಲ ಭಾಷೆಗಳನ್ನೂ ಬೈಟ್‌ಗಳಲ್ಲಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ಪ್ರತಿ ಮೂಲಾಕ್ಷರ, ಪ್ರತಿ ಗುಣಿತದ ಚಿಹ್ನೆ, ಅರ್ಧಾಕ್ಷರದ ಚಿಹ್ನೆ ಮೂರು ಬೈಟ್. ‘ಕ’ದ ಕೊನೆಯ ಬೈಟಿಗೆ ಆ ಬಿಟ್ ಹಚ್ಚಿದರೆ ಅದು ‘ವ’. ಒತ್ವದ ಚಿಹ್ನೆ ‘೪’ ಆಗುತ್ತದೆ, ಅರ್ಧಾಕ್ಷರದ ಚಿಹ್ನೆ ‘೭’ ಆಗುತ್ತದೆ. ‘ಪ’, ‘ಳ’ಗಳಲ್ಲಿ ಆ ಬಿಟ್ ಮೊದಲೇ ಇರುವುದರಿಂದ ಅವು ಉಳಿಯುತ್ತವೆ. ತಾಲ್ಲೂಕುಗಳ ಟೇಬಲ್‌ನಲ್ಲಿದ್ದ ‘ಕೊಪ್ಪಳ’ ಹೋಗಿ ‘ವ೪ಪ೭ಪಳ’ ಬರುತ್ತದೆ. ಎರರ್ ಮೆಸೇಜ್ ಒಂದೂ ಬರುವುದಿಲ್ಲ.

ಸರಿಯಾದ ದಾರಿ ದೂರವೇನಿಲ್ಲ. ಬೈಟ್‌ನಿಂದ 65 ಕಳೆಯಿರಿ, ಅನ್‌ಸೈನ್ಡ್ ಆಗಿ (ಮೈನಸ್ ಇಲ್ಲದ ಸಂಖ್ಯೆಯಾಗಿ) ಅದು 26ಕ್ಕಿಂತ ಕಡಿಮೆಯೇ ನೋಡಿ. ಹೌದಾದರೆ 1, ಇಲ್ಲವಾದರೆ 0. ಅದನ್ನು ಐದು ಬಿಟ್ ಎಡಕ್ಕೆ ಸರಿಸಿ (1 ಇದ್ದದ್ದು 32 ಆಗುತ್ತದೆ) ಮೂಲ ಬೈಟಿಗೆ ಆರ್ (OR) ಮಾಡಿ, ಅಂದರೆ ಆ ಬಿಟ್ ಸೇರಿಸಿ. ಇಫ್ ಇಲ್ಲ, ಜಂಪ್ ಇಲ್ಲ. ಇಂಥ ಲೂಪನ್ನು ಜಿಸಿಸಿ, ಕ್ಲ್ಯಾಂಗ್ ಕಂಪೈಲರ್‌ಗಳು ಆಪ್ಟಿಮೈಸೇಶನ್ ಹಾಕಿದಾಗ ಸಾಮಾನ್ಯವಾಗಿ ತಾವೇ ಇಂಟೆಲ್, ಎಎಂಡಿ ಪ್ರೊಸೆಸರ್‌ಗಳ ಎಸ್‌ಎಸ್‌ಇ2 ಸೂಚನೆಗಳಿಗೆ ತಿರುಗಿಸಿ ಒಮ್ಮೆಗೆ 16 ಬೈಟ್ ಮುಗಿಸುತ್ತವೆ. ಕನ್ನಡದ ಬೈಟ್‌ಗಳೆಲ್ಲ 128ರಿಂದ ಮೇಲಿನವು, ಆ ವ್ಯಾಪ್ತಿಗೆ ಸಿಗುವುದೇ ಇಲ್ಲ. ಕನ್ನಡ ಉಳಿಸಲು ಒಂದು ಸಾಲು ಕೋಡ್ ಕೂಡ ಹೆಚ್ಚು ಬೇಕಿಲ್ಲ, ಸ್ಪೀಡೂ ಕಳೆದುಕೊಳ್ಳಬೇಕಿಲ್ಲ.

ಕೋಟ್ ಒಳಗಿನ ಡೇಟಾ ಮಾತ್ರ ಮುಟ್ಟಬೇಡಿ. ಸಿಂಗಲ್ ಕೋಟ್ ಕಂಡಾಗಲೆಲ್ಲ ಒಂದು ಫ್ಲ್ಯಾಗ್ (ಕೋಟ್ ಒಳಗೋ ಹೊರಗೋ ಎಂಬ ಗುರುತು) ತಿರುಗಿಸಿದರೆ, ಕಾಮೆಂಟ್‌ಗಳಿಲ್ಲದ ಎಸ್‌ಕ್ಯೂಎಲ್‌ಗೆ ಬಹುಮಟ್ಟಿಗೆ ಸಾಕು. ಜೋಡಿ ಕೋಟ್ ಬಂದರೂ ಅದು ಎರಡು ಸಲ ತಿರುಗಿ ಸರಿಯಾಗುತ್ತದೆ. ಲೈಬ್ರರಿಯ ರೆಡಿ ಫಂಕ್ಷನ್ ಇದೆಯಲ್ಲ ಅನ್ನಬೇಡಿ: ಟರ್ಕಿ ಲೊಕೇಲ್ (ಭಾಷೆ-ದೇಶದ ಸೆಟ್ಟಿಂಗ್) ಇದ್ದ ಯಂತ್ರದಲ್ಲಿ ಜಾವಾ ‘ಇನ್ಸರ್ಟ್’ ಕೀವರ್ಡ್‌ನ ಐಗೆ ಚುಕ್ಕಿಯನ್ನೇ ಇಡುವುದಿಲ್ಲ, ಡೇಟಾಬೇಸ್ ಅದನ್ನು ಗುರುತಿಸುವುದಿಲ್ಲ.

ಲ್ಯಾಬ್‌ನಲ್ಲಿ ಪಾಠ ಹೇಳುವವರಿಗೆ ನನ್ನ ವಿನಂತಿ. ಟೆಸ್ಟ್ ಫೈಲ್‌ನಲ್ಲಿ ಬರೀ ಇಂಗ್ಲಿಷ್ ಇಡಬೇಡಿ. ಕುಷ್ಟಗಿ, ಯಲಬುರ್ಗಾ, ಗಂಗಾವತಿ ಕನ್ನಡದಲ್ಲೇ ಇರಲಿ. 0ರಿಂದ 255ರವರೆಗೆ ಎಲ್ಲ ಬೈಟ್ ಪರೀಕ್ಷಿಸಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. 15, 16, 17 ಬೈಟ್ ಉದ್ದದ ಸಾಲುಗಳನ್ನೂ ಕೊಡಿ, 16ರ ಗುಂಪಿನ ತುದಿಯಲ್ಲೇ ತಪ್ಪು ಅಡಗಿರುತ್ತದೆ. 65ರಿಂದ 90ರ ಹೊರಗಿನ ಒಂದು ಬೈಟ್ ಬದಲಾಗಿದ್ದರೂ ಟೈಮಿಂಗ್ ತೋರಿಸಲು ಬಂದ ಹುಡುಗನನ್ನು ವಾಪಸ್ ಕಳಿಸಿ.